ಹನ್ನೊಂದರ ಪಂಖ

“ಈಗ ಸರಿಯಾಗಿ ಹಾಡ್ತಾ ಇದೆ, ಎಲ್ಡನ್. ಇನ್ನು ಇದನ್ನ ಮುಟ್ಟಬೇಡ.”

ಹಾಗಂದಳು ನನ್ನ ಹೆಂಡತಿ. ಅದಕ್ಕೇ ಹೇಳ್ತಿರೋದು, ಒಂದ್ನಿಮಿಷ ತಡಿಯಪ್ಪಾ. ಆ ಪಾನಾ ಕೆಳಗಿಡು. ದೋಣಿ ಪಂಖ ಎಲ್ಲಿಗೂ ಓಡಿಹೋಗಲ್ಲ.

ಹೌದು... ಬದಲಾಯಿಸೋಕೇ ಬಂದಿರೋದು. ನಾನೇ ಹೇಳಿದ್ದು. ಹನ್ನೊಂದು ತೆಗಿ, ಹನ್ನೆರಡು ಹಾಕು ಅಂತ. ಆದ್ರೂ... ಮುಟ್ಟಬೇಡ ಅಂದಿದ್ದಾಳಲ್ಲ ಅವಳು.

ಯಾಕಪ್ಪಾ ನಗ್ತೀಯಾ? ನಗು, ನಗು. ಹೆಂಡತಿಗೆ ಹೆದರೋ ಗಂಡಸನ್ನ ಇವತ್ತೇ ಮೊದಲು ನೋಡಿದೋನ ಹಾಗೆ. ನಿನ್ನ ಬೆರಳಲ್ಲೂ ಉಂಗುರ ಇದೆ, ಕಾಣುತ್ತೆ ನಂಗೆ.

ದೋಣಿಯಾ? ನಿನ್ನ ಅಂಗಳದಲ್ಲೇ ನಿಂತಿದೆಯಲ್ಲ, ಟ್ರೈಲರ್ ಮೇಲೆ. ಹದಿನಾರು ಅಡಿ ಪಾಂಟೂನು. ಎರಡು ಅಲ್ಯೂಮಿನಿಯಂ ಕೊಳವೆ, ಮೇಲೊಂದು ಜಗಲಿ, ಸುತ್ತ ಕಟಕಟೆ. ಮನೆ ಮುಂದಿನ ಜಗಲೀನೇ ಎದ್ದು ಕೆರೆಗೆ ಇಳಿದ ಹಾಗೆ. ಹಾಗನ್ನೋದು ಆರ್ಡಿಸ್. ಆರ್ಡಿಸ್ ಅಂದ್ರೆ ನನ್ನ ಹೆಂಡತಿ. ಹಿಂದೆ ಇಪ್ಪತ್ತೈದು ಕುದುರೆ ಬಲದ ಮೋಟರು. ಹಳೇದು. ನನ್ನ ಹಾಗೆ. ಬೆಳಿಗ್ಗೆ ಹೊತ್ತು ಎರಡು ಸಲ ಕೆಮ್ಮಿ ಆಮೇಲೆ ಏಳುತ್ತೆ.

ಎಷ್ಟು ಜನ ಕೂರ್ತೀರಿ ಅಂತಾನಾ?

...ಇಬ್ಬರು.

ಯಾವಾಗಲೂ ಇಬ್ಬರೇ. ನಾನು ಹಿಂದೆ, ಚಕ್ರ ಹಿಡ್ಕೊಂಡು. ಅವಳು ಮುಂದೆ, ಎಡಗಡೆ ಸೀಟಲ್ಲಿ. ಬೇರೆ ಯಾರೂ ಹತ್ತಲ್ಲ. ಬರ್ಕೋಬೇಕಾ? ಬರ್ಕೋ. ಇಬ್ಬರು ಅಂತ ಬರ್ಕೋ.

ನಮ್ಮದು ಟಮರಾಕ್ ಕೆರೆ. ಹೌದು, ದೂರಾನೇ. ದಾರೀಲಿ ಇನ್ನೂ ಅಂಗಡಿ ಸಿಕ್ಕಿದವು, ಇಲ್ಲ ಅಂತಲ್ಲ. ನಮ್ಮೂರಲ್ಲೇ ರೋಲಿದು ಒಂದಿದೆ. ರೋಲಿ ಒಳ್ಳೆಯವನೇ. ಆದ್ರೆ ಮಾತು ಜಾಸ್ತಿ. ಈಗೀಗಂತೂ ಇನ್ನೂ ಜಾಸ್ತಿ. ಒಳಗೆ ಕಾಲಿಟ್ಟರೆ ಸಾಕು, ಬಂದು ಹೆಗಲ ಮೇಲೆ ಕೈ ಹಾಕ್ತಾನೆ. ‘ಹೇಗಿದ್ದೀಯ ಎಲ್ಡನ್?’ ಅಂತಾನೆ. ಅದೂ ತಲೆ ಹೀಗೆ ಒಂದ್ಕಡೆ ವಾಲಿಸಿ. ಹೇಗಿರ್ತೀನಿ? ಮೊಳೆ ತಗೊಳ್ಳೋಕೆ ಬಂದೋನು ಹೇಗಿರ್ತಾನೆ? ಕೌಂಟರ್ ಹಿಂದೆ ಅವನ ಹೆಂಡತಿ ಮೂಗು ಒರೆಸ್ಕೊಳ್ತಾಳೆ. ಮೊಳೆ ಬಿಟ್ಟು ಬಂದುಬಿಟ್ಟೆ ಒಂದಿನ.

ನೀನು ಹಾಗಲ್ಲ. ಎಷ್ಟು ಅಡಿ, ಎಷ್ಟು ಕುದುರೆ, ಎಷ್ಟು ಜನ. ಸೀದಾ ಕೇಳಿದೆ. ಹಿಡಿಸ್ತು ನಂಗೆ.

ಡ್ವೈಟ್ ಅಂತಾನಾ ಹೆಸರು? ಅಂಗಿ ಮೇಲೆ ಹೊಲಿದಿದೆ. ಹೂಂ. ನಾನು ಎಲ್ಡನ್.

ಕೂತ್ಕೋತೀನಿ ಸ್ವಲ್ಪ. ಈ ಡಬ್ಬದ ಮೇಲೆ ಕೂರಬಹುದಾ? ...ಆಯ್ತು. ನೀನು ನಿನ್ನ ಕೆಲಸ ನೋಡು. ಬಿಚ್ಚಬೇಡ. ಬರೀ ನೋಡು.

ಈ ಮೋಟರು ಕಳೆದ ವರ್ಷ ಕೆರೆ ಹೆಪ್ಪುಗಟ್ಟೋ ಮುಂಚೆ ತಂದಿದ್ದು. ಯಾರೋ ಮೀನು ಹಿಡಿಯೋರ ದೋಣಿಯಿಂದ ಬಿಚ್ಚಿದ್ದು. ಅದರ ಜೊತೆ ಬಂದಿದ್ದು ಹದಿಮೂರರ ಪಂಖ. ಹಗುರದ, ಚೂಪು ಮೂತಿಯ ದೋಣಿಗೆ ಹದಿಮೂರು ಸರಿ. ನಮ್ಮದು ಜಗಲಿ. ಪಂಖ ಒಂದು ಸುತ್ತು ಸುತ್ತಿದ್ರೆ ಹದಿಮೂರು ಅಂಗುಲ ಮುಂದಕ್ಕೆ ಕೊರ್ಕೊಂಡು ಹೋಗ್ಬೇಕು, ಮರದೊಳಗೆ ತಿರುಪು ಹೋದ ಹಾಗೆ. ಅಂಕಿ ಜಾಸ್ತಿ ಆದಷ್ಟೂ ಒಂದೊಂದು ಹೆಜ್ಜೆ ದೊಡ್ಡದು. ಭಾರ ಹೊತ್ತೋನು ದೊಡ್ಡ ಹೆಜ್ಜೆ ಹಾಕೋಕಾಗುತ್ತಾ? ಮೋಟರು ಏದುಸಿರು ಬಿಡುತ್ತೆ...

ನೋಡು, ನಿಂಗೇ ಪಾಠ ಹೇಳ್ತಿದ್ದೀನಿ! ತಪ್ಪು ತಿಳ್ಕೋಬೇಡ. ರೋಲಿ ನಂಗೆ ಹೇಳಿದ್ದು, ನಾನು ಅವಳಿಗೆ ಹೇಳಿದ್ದು. ಬಾಯಿಗೆ ಬಂದುಬಿಟ್ಟಿದೆ.

ಹೂಂ. ಹದಿಮೂರು ಆಗಲಿಲ್ಲ. ರೋಲಿ ಗೋಡೆಯಿಂದ ಒಂಬತ್ತು ಇಳಿಸಿ ಕೊಟ್ಟ. ತಗೊಂಡ್ಹೋಗು, ಕೆರೇಲಿ ತಿರುಗಿಸು, ಕಲ್ಲಿಗೆ ಬಡೀದಿದ್ರೆ ವಾಪಸ್ ಇಸ್ಕೋತೀನಿ ಅಂದ. ನೀನೂ ಹಾಗೇ ಕೊಡ್ತೀಯಾ? ಎಲ್ಲಾ ಕಡೆ ಅದೇ ಪದ್ಧತಿ ಇರಬೇಕು. ಒಂಬತ್ತು ಹಾಕಿದ್ವಿ. ಅಯ್ಯೋ, ಅದರ ಕಿರುಚಾಟ! ಸುತ್ತು ಎಣಿಸೋ ಮೀಟರು ಆರು ಸಾವಿರ ದಾಟ್ತು. ದೋಣಿ ಮಾತ್ರ ಆಮೆ. ಒಂದು ಲೂನ್ ಹಕ್ಕಿ, ಬೆನ್ನ ಮೇಲೆ ಮರಿ ಕೂರಿಸ್ಕೊಂಡು, ನಮ್ಮನ್ನ ಹಿಂದೆ ಹಾಕಿ ಹೋಯ್ತು. ನಿಜ ಕಣಪ್ಪಾ! ಆರ್ಡಿಸ್ ಅದಕ್ಕೆ ಕೈ ಬೀಸಿದ್ಲು. ‘ಎಲ್ಡನ್, ನಾನು ಅದರ ಮೇಲೆ ಬರ್ತೀನಿ, ನೀನು ನಿಧಾನ ಬಾ’ ಅಂದ್ಲು.

ಹಾಗೇ ಅವಳು. ಬಾಯಿ ಜೋರು. ನಾನು ಮಾತು ಕಮ್ಮಿ. ಇವತ್ತು ಯಾಕೋ... ಇಷ್ಟು ಮಾತಾಡಿ ಎಷ್ಟು ದಿನ ಆಯ್ತೋ.

ಮೀಟರು ನೋಡೋದು ನಾನು. ಅವಳಿಗೆ ಮೀಟರು ಬೇಡ. ಚರ್ಚಿನಲ್ಲಿ ಆರ್ಗನ್ ಬಾರಿಸೋಳು, ಕಿವಿ ಅಂದ್ರೆ ಕಿವಿ. ಮುಂದಿನ ಸೀಟ್ ಹತ್ತಿರ ಒಂದು ಸಣ್ಣ ಮೇಜಿದೆ. ಅದರ ಮೇಲೆ ಮಗ್ ತುಂಬ ಕಾಫಿ ಇಡೋದು. ಅಂಚಿನವರೆಗೂ. ನಾನು ಆಕ್ಸಿಲರೇಟರ್ ಪೂರ್ತಿ ತಿರುವಬೇಕು. ಅವಳು ಮಗ್ಗನ್ನೇ ನೋಡ್ಕೊಂಡು ಕೂರೋದು. ಕಾಫಿ ನಡುಗಿದ್ರೆ ‘ಇದಲ್ಲ’. ಅಷ್ಟೇ. ಹದಿಮೂರಕ್ಕೆ ಅಲೆ ಎದ್ದಿತು. ‘ಇದಲ್ಲ.’ ಒಂಬತ್ತಕ್ಕೆ ಚೆಲ್ಲಿ ಅವಳ ಪ್ಯಾಂಟಿನ ಮೇಲೆ ಬಿತ್ತು. ‘ಇದಂತೂ ಅಲ್ವೇ ಅಲ್ಲ!’

ನಾನು ಸ್ಟೀಲಿಂದು ತರ್ತೀನಿ ಅಂತ ಹಟ ಹಿಡಿದಿದ್ದೆ. ಪಳಪಳ ಹೊಳೀತಿತ್ತು ರೋಲಿ ಗೋಡೇಲಿ. ಅವಳು ಬೇಡ ಅಂದ್ಲು. ನಮ್ಮ ಕೆರೇಲಿ ಕಲ್ಲು ಜಾಸ್ತಿ. ಕಲ್ಲಿಗೆ ಬಡಿದ್ರೆ ಅಲ್ಯೂಮಿನಿಯಂ ರೆಕ್ಕೆ ಬಗ್ಗುತ್ತೆ, ಅಲ್ಲಿಗೆ ಮುಗೀತು. ಸ್ಟೀಲ್ ಬಗ್ಗಲ್ಲ. ಏಟು ಒಳಗೆ ಹೋಗುತ್ತೆ. ಒಳಗಿನ ಹಲ್ಲುಚಕ್ರ ಪುಡಿ ಆಗುತ್ತೆ. ಮೇಲೆ ನೋಡಿದ್ರೆ ಎಲ್ಲಾ ಸರಿ ಇರುತ್ತೆ... ಒಳಗೆ ಪುಡಿ.

ತಲೆ ಅಲ್ಲಾಡಿಸ್ತೀಯಲ್ಲ. ಅವಳು ಹೇಳಿದ್ದು ಸರಿ ತಾನೆ? ಸರಿ ಅನ್ನು. ಮನೆಗೆ ಹೋಗಿ ಹೇಳ್ತೀನಿ. ಅಂಗಡಿಯೋರೂ ಅದನ್ನೇ ಅಂದ್ರು ಅಂತ.

ಮೂರನೇದು ಈ ಹನ್ನೊಂದು. ಜೂನ್ ತಿಂಗಳು. ಸಂಜೆ, ಊಟ ಆದ್ಮೇಲೆ ಹೊರಟ್ವಿ. ಗಾಳಿ ಇರಲಿಲ್ಲ. ಪೂರ್ತಿ ತಿರುವಿದೆ. ಮೀಟರು ಐದೂವರೆ ಸಾವಿರಕ್ಕೆ ಹೋಗಿ ಅಲ್ಲೇ ನಿಂತ್ಕೊಳ್ತು. ದೋಣಿ ಮಟ್ಟಸವಾಗಿ, ಹಲಗೆ ಇಟ್ಟ ಹಾಗೆ ನೀರಿನ ಮೇಲೆ. ನಾನು ಮೀಟರು ನೋಡಲಿಲ್ಲ ಆಮೇಲೆ. ಅವಳ ಬೆನ್ನು ನೋಡ್ತಾ ಇದ್ದೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ಕೆರೆ ಆಚೆ ದಡದವರೆಗೂ ತಿರುಗಿ ನೋಡ್ಲಿಲ್ಲ ಅವಳು. ಮಗ್ ನೋಡ್ತಾನೇ ಕೂತಿದ್ಲು. ನಾನು ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯೋ ಹುಡುಗನ ಹಾಗೆ ಕೂತಿದ್ದೆ. ವಾಪಸ್ ಬಂದು ನಮ್ಮ ಕಟ್ಟೆಗೆ ದೋಣಿ ತಾಗಿಸಿದ ಮೇಲೆ ಎದ್ದು ಬಂದ್ಲು. ಮೋಟರಿನ ತಲೆ ಮೇಲೆ ಹೀಗೆ ಕೈಯಿಟ್ಟು ಅಂದ್ಲು. ಈಗ ಸರಿಯಾಗಿ ಹಾಡ್ತಾ ಇದೆ, ಎಲ್ಡನ್...

ಆಮೇಲೇನು? ಆಮೇಲೆ ಏನೂ ಇಲ್ಲ. ಅವಳು ಮೇಲೆ ಮನೆಗೆ ಹೋದ್ಲು. ನಾನು ಹಗ್ಗ ಕಟ್ಟಿದೆ.

ಬಿಸಿಲು ಜೋರಿದೆ ಅಲ್ವಾ? ಆಗಸ್ಟ್ ಬಂದ್ರೂ. ...ನೀರಿದ್ರೆ ಒಂದು ಲೋಟ ಕೊಡ್ತೀಯಾ? ಹಾಂ, ಸಾಕು.

ತೊಂದರೆ ಏನಪ್ಪಾ ಅಂದ್ರೆ. ಜೂನ್‌ನಲ್ಲಿ ಚಿನ್ನದ ಹಾಗಿತ್ತು. ಜುಲೈನಲ್ಲಿ ಮೀಟರು ಮೇಲಕ್ಕೆ ಹತ್ತೋಕೆ ಶುರು. ಒಂದೇ ಸಲ ಅಲ್ಲ. ಸ್ವಲ್ಪ ಸ್ವಲ್ಪ. ಈಗ ಪೂರ್ತಿ ತಿರುವಿದ್ರೆ ಆರರ ಕಡೆ ಹೋಗುತ್ತೆ. ಕಿರುಚುತ್ತೆ. ಮುಂದಿನ ಮೂತಿ ಎದ್ದುಬಿಡುತ್ತೆ. ಗಾಳಿ ಬಂತು ಅಂದ್ರೆ ಅದನ್ನೇ ಹಿಡ್ಕೊಂಡು ಆಚೆ ಈಚೆ ತಿರುಗಿಸುತ್ತೆ, ಚಕ್ರ ಎಷ್ಟು ಎಳೆದ್ರೂ ಕೇಳಲ್ಲ. ಅದಕ್ಕೇ ಯೋಚ್ನೆ ಮಾಡ್ದೆ. ಸುತ್ತು ಜಾಸ್ತಿ ಆಗಿದೆ ಅಂದ್ರೆ ಹೆಜ್ಜೆ ದೊಡ್ಡದು ಮಾಡ್ಬೇಕು. ಹನ್ನೊಂದು ಹೋಗಿ ಹನ್ನೆರಡು. ಲೆಕ್ಕ ಸರಿ ತಾನೆ?

ಹೋದ ವಾರ ಆಯ್ತು ನೋಡು. ಪಶ್ಚಿಮದ ಗಾಳಿ. ನಡು ಕೆರೇಲಿ ಮೂತಿ ಎದ್ದಿತು, ಗಾಳಿ ತಿರುಗಿಸ್ತು, ತಗೊಂಡು ಹೋಗಿ ಜೊಂಡಿನೊಳಗೆ ನುಗ್ಗಿಸ್ತು. ಪಂಖಕ್ಕೆ ಜೊಂಡು ಸುತ್ಕೊಂಡು ಮೋಟರು ನಿಂತೇಹೋಯ್ತು. ಓರಿನ್ ಬಂದು ಎಳೀಬೇಕಾಯ್ತು. ಓರಿನ್ ನನ್ನ ಭಾವಮೈದ, ಆರ್ಡಿಸಳ ತಮ್ಮ. ಎದುರು ದಡದಲ್ಲಿದ್ದಾನೆ. ಶನಿವಾರ ಬೇರೆ. ದಡದುದ್ದಕ್ಕೂ ಪಟ್ಟಣದಿಂದ ಬಂದೋರು ಕುರ್ಚಿ ಹಾಕ್ಕೊಂಡು ನೋಡೋರು. ಎಳೆಸ್ಕೊಂಡು ಬರೋದು ಅಂದ್ರೆ... ನಿಂಗೆ ಗೊತ್ತಲ್ಲ. ಐವತ್ತು ವರ್ಷ ಆ ಕೆರೆ ಮೇಲೆ ಇದ್ದೋನು ನಾನು. ಬೇರೆಯೋರನ್ನ ಎಳ್ಕೊಂಡು ಬಂದೋನು.

ಓರಿನ್ ಹಗ್ಗ ಕಟ್ಟಿ ಎಳ್ಕೊಂಡು ಬಂದ. ಕಟ್ಟೆಗೆ ಬಂದ್ಮೇಲೆ ಅಂದ. ಸಾಕು ಎಲ್ಡನ್. ಇನ್ನೊಂದು ಸಲ ಹೀಗಾದ್ರೆ ಬೀಗದ ಕೈ ನಂಗೆ ಕೊಟ್ಟುಬಿಡು. ದೋಣಿ ಮಾರೋಣ.

ಮಾರೋದಂತೆ!

ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ ಹಾಗಾದ್ರೆ? ಹೇಳು. ...ನಾವೇನ್ ಮಾಡ್ಬೇಕು? ದಿನಾ ಬೆಳಿಗ್ಗೆ ಒಂದು ಸುತ್ತು. ಆಚೆ ದಡ, ವಾಪಸ್. ಅಷ್ಟಾದ್ರೆ ಆ ದಿನ ಹೇಗೋ ಉರುಳುತ್ತೆ. ಅದೂ ಇಲ್ದಿದ್ರೆ... ಅದಕ್ಕೇ ಬಂದೆ, ಇಷ್ಟು ದೂರ ಎಳ್ಕೊಂಡು. ಇವತ್ತು ನೀನು ಸರಿ ಮಾಡ್ಕೊಟ್ರೆ ದೋಣಿ ಉಳೀತು. ಇಲ್ದಿದ್ರೆ ಇಲ್ಲ.

ಏನು ಗೀರ್ತಾ ಇದ್ದೀಯ? ಹಾಂ, ಅದು... ಕೆಂಪು ಗೆರೆನಾ? ಅವಳ ಉಗುರಿನ ಬಣ್ಣ. ಪಂಖದಿಂದ ದಂಡದವರೆಗೆ ನೇರ ಒಂದು ಗೆರೆ. ಪಂಖ ಹಿಡಿದಿರೋ ಒಳಗಿನ ರಬ್ಬರು ಜಾರಿದ್ರೆ ಗೆರೆ ತುಂಡಾಗುತ್ತೆ, ಗೊತ್ತಾಗುತ್ತೆ. ನಾನೇ ಎಳೆದಿದ್ದು, ಸ್ವಲ್ಪ ಸೊಟ್ಟ ಆಗಿದೆ. ‘ನನ್ನ ಉಗುರಿಗೆ ಒಂದಿನಾನೂ ಹಚ್ಚಿಕೊಡಲಿಲ್ಲ, ಮೋಟರಿಗೆ ಹಚ್ಚು’ ಅಂದ್ಲು. ಜಾರಿಲ್ಲ ಅಲ್ವಾ? ನಾನೂ ನೋಡಿದೆ. ಹಾಗೇ ಇದೆ ಗೆರೆ.

ರೆಕ್ಕೆ ಮೇಲೆ ಕೈ ಆಡಿಸಿ ನೋಡು. ಪೆಟ್ಟಿಲ್ಲ, ಮುಕ್ಕಿಲ್ಲ. ಮೀನಿನ ದಾರ ಸುತ್ಕೊಂಡಿಲ್ಲ. ಮೋಟರು ಎಷ್ಟು ಎತ್ತರಕ್ಕೆ ಕೂರಿಸಿದ್ರೋ ಅಷ್ಟೇ ಎತ್ತರದಲ್ಲಿದೆ. ಎಲ್ಲಾ ನೋಡಾಯ್ತು ನಂದು.

ಪೆಟ್ರೋಲ್ ಟ್ಯಾಂಕಾ? ಹಿಂದೇನೇ. ಮೊದಲಿಂದಲೂ. ಲಂಗರು ಅದೇ. ಐಸ್ ಪೆಟ್ಟಿಗೆ ನಾವು ಒಯ್ಯಲ್ಲ. ಇಲ್ಲ ಇಲ್ಲ, ಏನೂ ಇಳಿಸಿಲ್ಲ. ಎಲ್ಲಾ ಹಾಗೇ ಇದೆ ಅಂತ ಹೇಳ್ತಿದ್ದೀನಲ್ಲ! ಭಾರ ಅದೇ. ಅದೇ ಇಬ್ಬರು.

ಏನಂದೆ?

ಹೆಂಡತಿ ತೆಳ್ಳಗಾಗ್ತಿದ್ದಾರಾ ಅಂತಾನಾ!

ಹ್ಹ... ಹ್ಹಹ್ಹ... ಅಯ್ಯೋ. ಒಳ್ಳೆ ಹೇಳ್ದೆ ಕಣಯ್ಯಾ. ತೆಳ್ಳಗೆ... ಅವಳು ಕೇಳಿದ್ರೆ ಕುಣೀತಿದ್ಲು. ಅಂಗಡಿಯೋನಿಗೆ ಒಂದು ತಟ್ಟೆ ನಿಂಬೆ ಬರ್ಫಿ ಕಳಿಸು ಅಂತಿದ್ಲು. ಹ್ಹಹ್ಹ... ತಡಿ. ಕಣ್ಣಲ್ಲಿ ನೀರು ಬಂತು ನಗುವಿಗೆ. ತಡಿ ಸ್ವಲ್ಪ...

ಇಲ್ಲ. ತೆಳ್ಳಗಾಗಿಲ್ಲ. ಹೇಗಿದ್ಲೋ ಹಾಗೇ ಇದ್ದಾಳೆ.

ಎಲ್ಲಿ, ಯಾವ ಬಿಳೀದು? ಟ್ರೈಲರ್ ಮುಂದಿನ ಅಡ್ಡಪಟ್ಟಿ ಮೇಲಾ? ಹೌದಲ್ಲ. ಪುಡಿ ಪುಡಿ. ಸಮುದ್ರಕ್ಕಾ? ಈ ದೋಣಿನಾ? ನಮ್ಮ ಮಿನೆಸೋಟಾಗೆ ಸಮುದ್ರ ಎಲ್ಲಿಂದ ತರ್ಲಿ? ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ. ಹಿಮ ಕರಗಿಸೋಕೆ. ಅದೇ ಹಿಡ್ಕೊಂಡಿರುತ್ತೆ. ನಿನ್ನ ಟ್ರಕ್ ಅಡಿ ನೋಡ್ಕೋ, ಅಲ್ಲೂ ಇರುತ್ತೆ.

ಆಗಸ್ಟಲ್ಲಿ ಇರಲ್ಲ ಅಂತೀಯಾ?

...ಏನೋಪ್ಪ. ಇರಬಹುದು. ನಾನೇನು ಟ್ರೈಲರ್ ನೆಕ್ಕಿ ನೋಡ್ತೀನಾ?

ನೆಕ್ಕಬೇಡ! ಉಗಿ, ಉಗಿ ಅದನ್ನ. ಉಪ್ಪೇ ಇರ್ಲಿ ಬಿಡು. ಪಂಖ ಹಿಂದಿದೆ, ನೀನು ಮುಂದೆ ಯಾಕೆ ಹೋದೆ? ಇಲ್ಲಿ ಬಾ. ಹನ್ನೆರಡು ಇದೆಯಾ ನಿನ್ನ ಹತ್ರ? ತಗೊಂಬಾ. ಹಾಕೇಬಿಡು. ಅವಳಿಗೆ ನಾನು ಹೇಳ್ಕೋತೀನಿ. ಏ... ಡ್ವೈಟ್...

ಆ ಟಾರ್ಪಾಲು ಬಿಚ್ಚಬೇಡಪ್ಪ. ಮುಂದೆ ಏನೂ ಇಲ್ಲ. ದಾರೀಲಿ ಗಾಳಿಗೆ ಹಾರದಿರ್ಲಿ ಅಂತ ಕಟ್ಟಿದ್ದು. ಹಗ್ಗ ಗಂಟು ಬಿದ್ದಿದೆ, ಬಿಚ್ಚಿದ್ರೆ ಮತ್ತೆ ಕಟ್ಟೋಕೆ ನಂಗೆ ಕೈ ಬರಲ್ಲ. ಸೊಂಟ ಬೇರೆ... ಬೇಡ ಅಂದ್ನಲ್ಲ! ಅದು ಅವಳ ಜಾಗ. ಅವಳ ಸಾಮಾನು. ಹೆಂಗಸರ ಸಾಮಾನು ಯಾಕಪ್ಪ ಮುಟ್ತೀಯ ನೀನು?

...

...

ಹೂಂ. ಬಿಚ್ಚೇಬಿಟ್ಟೆ ನೀನು.

...

ಏನಾದ್ರೂ ಅನ್ನು.

ಇಷ್ಟೊತ್ತು ಚೆನ್ನಾಗಿ ಮಾತಾಡ್ತಿದ್ದೆ. ನಗಿಸ್ತಿದ್ದೆ. ಈಗೇನಾಯ್ತು? ಯಾಕೆ ಟೋಪಿ ತೆಗೆದೆ? ಹಾಕ್ಕೋ. ಬಿಸಿಲಿದೆ. ಹಾಕ್ಕೋ ಅಂತೀನಿ... ನೀನೂ ರೋಲಿ ಹಾಗೆ ಆಗಬೇಡ. ಅದಕ್ಕಲ್ವಾ ಇಷ್ಟು ದೂರ ಬಂದಿದ್ದು. ಯಾರಿಗೂ ಗೊತ್ತಿಲ್ಲದ ಒಂದು ಅಂಗಡೀಲಿ ಕೂತು, ಎಷ್ಟು ಜನ ಅಂತ ಕೇಳಿದ್ರೆ, ಇಬ್ಬರು ಅನ್ನೋಣ ಅಂತ. ಒಂದೇ ಒಂದು ಮಧ್ಯಾಹ್ನ. ನೀನು ಬರ್ಕೊಂಡೆ. ಇಬ್ಬರು ಅಂತ ಬರ್ಕೊಂಡೆಯಲ್ಲ. ನಂಗೆ ಎಷ್ಟು...

ಓರಿನ್ನೂ ನೋಡ್ದ. ಎಳೆಯೋ ಹಗ್ಗ ಕಟ್ಟೋಕೆ ನಮ್ಮ ದೋಣಿ ಮುಂದಕ್ಕೆ ಬಂದ. ನೋಡ್ದ. ಹೀಗೇ, ನಿನ್ನ ಹಾಗೇ ನಿಂತ. ಆಮೇಲೆ ದಾರಿ ಉದ್ದಕ್ಕೂ ನೀರು ನೋಡ್ತಾ ಕೂತ. ಅಕ್ಕನ ಜಾಕೆಟ್ಟು ಅವನಿಗೆ ಗುರ್ತು ಸಿಗಲ್ವಾ?

ಹುಚ್ಚು ಅಂತೀಯಾ? ಅನ್ನು. ಬಾಯಿಬಿಟ್ಟು ಅನ್ನು, ಪರವಾಗಿಲ್ಲ.

ಉಪ್ಪು ಕಣಪ್ಪಾ. ಆ ಜಾಕೆಟ್ಟೊಳಗೆ ಇರೋದು ಬರೀ ಉಪ್ಪಿನ ಮೂಟೆ. ನಮ್ಮ ಬಾವಿ ನೀರು ಗಡಸು. ಅದನ್ನ ಮೆತ್ತಗೆ ಮಾಡೋ ಯಂತ್ರ ನೆಲಮಾಳಿಗೇಲಿದೆ, ಅದಕ್ಕೆ ಹಾಕೋ ಉಪ್ಪು. ಮೂರು ಮೂಟೆ ಸೇರಿದ್ರೆ... ಅವಳ ತೂಕ. ಹೆಚ್ಚೂ ಕಮ್ಮಿ. ಇದನ್ನ ಪರರ ಮುಂದೆ ಬಾಯಿಬಿಟ್ಟೆ ಅಂತ ಗೊತ್ತಾಗಿದ್ರೆ ನನ್ನ ಜೀವ ತೆಗೀತಿದ್ಲು.

ಏನು ಎತ್ತಿದೆ? ಅದೇನು ಕೈಲಿ?

...ಅದು ಬರೀ ಚೀಲ. ಖಾಲಿ ಚೀಲ.

ಇಲ್ಲ, ನಾನು ತುಂಬಿದ್ದೇ ಇಟ್ಟಿದ್ದು. ಮೂರೂ ತುಂಬಿದ್ದು. ಹೊಲಿಗೆ ಬಿಚ್ಚಿರಲಿಲ್ಲ. ಅದರ ಕೆಳಗಿಂದು? ಅದೂ ಅರ್ಧಾನಾ? ಅದು ಹೇಗಾಗುತ್ತೆ? ಯಾರು ತಗೊಂಡ್ರು? ಉಪ್ಪು ಯಾರು ಕದೀತಾರೆ...

ತೂತು. ಹೂಂ, ಕಾಣುತ್ತೆ. ಸೂಜಿ ತೂತು. ಗಾಳಿ ಆಡೋಕೆ ಅಂತ ಚೀಲ ಮಾಡೋರೇ ಹಾಕಿರ್ತಾರೆ.

ಮಳೆ.

...ಮಳೆ. ಜುಲೈ ಪೂರ್ತಿ ಬಂತಲ್ಲ. ನಾನು ದೋಣಿಗೆ ಹೊದಿಕೆ ಹಾಕ್ಲಿಲ್ಲ. ಒಂದಿನವೂ ಹಾಕ್ಲಿಲ್ಲ. ಹಾಕೋಕೆ ಹೋದೆ, ಒಂದು ಸಲ. ಟಾರ್ಪಾಲು ಮುಂದೆ ಎಳ್ಕೊಂಡು ಬಂದು, ಜಾಕೆಟ್ ಮೇಲೆ ಎಳೀಬೇಕು... ಮುಖದ ಮೇಲೆ ಬಟ್ಟೆ ಎಳೆದ ಹಾಗಾಯ್ತು. ಆವತ್ತು ಆಸ್ಪತ್ರೆಯೋರು ಎಳೆದ್ರಲ್ಲ, ಹಾಗೆ. ಆಗಲಿಲ್ಲ ನನ್ನ ಕೈಲಿ. ಬಿಟ್ಟುಬಿಟ್ಟೆ. ನೆನೆಯಲಿ ಅಂತ ಬಿಟ್ಟೆ. ಮಳೇಲಿ ನೆನೆಯೋದು ಅವಳಿಗೆ ಇಷ್ಟಾನೇ.

ನಂಗೆ ಗೊತ್ತೇ ಆಗಲಿಲ್ಲ ನೋಡು. ನಾನು ಮುಂದಕ್ಕೆ ಹೋಗೋದೇ ಇಲ್ಲ. ಇವತ್ತು ದಾರಿಗೆ ಅಂತ ಟಾರ್ಪಾಲು ಕಟ್ಟಿದ್ದೂ ಮುಖ ಆಚೆ ತಿರುಗಿಸ್ಕೊಂಡೇ. ಜಾಕೆಟ್ಟಿನ ಬಕಲ್ ಮತ್ತೆ ಮುಟ್ಟಿಲ್ಲ. ಹಿಂದೆ ಚಕ್ರದ ಹತ್ರ ಕೂತ್ಕೊಂಡು ನೋಡಿದ್ರೆ... ಆ ಕಿತ್ತಳೆ ಬೆನ್ನು. ಒಳಗೆ ದಪ್ಪ ಫೋಮು, ಬಿಗಿಯಾಗಿ ನಿಂತಿರುತ್ತೆ. ಕೆರೆ ಕಡೆ ಮುಖ ಮಾಡ್ಕೊಂಡು ಕೂತಿರ್ತಾಳೆ. ತಿರುಗಿ ನೋಡಲ್ಲ ಅಷ್ಟೇ. ಮೊದಲೂ ನೋಡ್ತಿರಲಿಲ್ಲ. ಒಳಗೊಳಗೇ ಕರಗಿ ಹೋಗ್ತಿದ್ದಾಳೆ ಅಂತ... ದಿನಾ ಒಂದೊಂದು ಹನಿ. ಮೋಟರಿಗೆ ಗೊತ್ತಾಯ್ತು. ಮೀಟರಿಗೆ ಗೊತ್ತಾಯ್ತು. ನಂಗೆ ಗೊತ್ತಾಗಲಿಲ್ಲ.

ತೆಳ್ಳಗಾಗ್ತಿದ್ದಾರಾ ಅಂದ್ಯಲ್ಲ ನೀನು.

ಅಯ್ಯೋ, ಬೇಜಾರ್ ಮಾಡ್ಕೋಬೇಡ! ನಿಂಗೇನ್ ಗೊತ್ತಿತ್ತು? ತಲೆ ಎತ್ತು. ನೀನು ಅಂದಿದ್ದು ನಿಜಾನೇ ಆಯ್ತಲ್ಲ.

ಹಾಗಾದ್ರೆ... ಒಂದು ಕೇಳ್ತೀನಿ. ಸರಿಯಾಗಿ ಯೋಚ್ನೆ ಮಾಡಿ ಹೇಳು. ಪಂಖದ ತಪ್ಪಿಲ್ಲ ತಾನೆ? ಹನ್ನೊಂದು ಸರಿಯಾಗೇ ಇತ್ತು ತಾನೆ? ಇಬ್ಬರಿಗೆ?

ಬರೀ ತಲೆ ಅಲ್ಲಾಡಿಸಿದ್ರೂ ಸಾಕು.

...ಹೂಂ.

ಹೂಂ. ಸರಿ. ನಂಗೆ ಅಷ್ಟೇ ಬೇಕಾಗಿತ್ತು. ಅವಳು ಹೇಳಿದ್ದು ಸರಿ. ಮುಟ್ಟೋದು ಬೇಡ. ಆ ಪಾನಾ ಒಳಗಿಡು. ಹನ್ನೆರಡು ಗೋಡೆಗೇ ಹಾಕು ವಾಪಸ್. ಒಬ್ಬನಿಗೆ ಹನ್ನೆರಡು ಸರಿ ಅಂತ ನಂಗೂ ಗೊತ್ತು. ನೀನೂ ಹೇಳಲಿಲ್ಲ, ಒಳ್ಳೇದು ಮಾಡ್ದೆ.

ಆ ಖಾಲಿ ಚೀಲ ಇಲ್ಲಿ ಕೊಡು. ಮಡಚಿ ಜೇಬಲ್ಲಿ ಇಟ್ಕೋತೀನಿ.

ಆವತ್ತು ಸಂಜೆ... ಕೇಳ್ತೀಯಾ? ನೀನು ಕೇಳಲಿಲ್ಲ, ನಾನೇ ಹೇಳ್ತೀನಿ. ಇದುವರೆಗೂ ಯಾರಿಗೂ ಹೇಳಿಲ್ಲ. ಹಗ್ಗ ಕಟ್ಟಿ, ಮೋಟರು ಎತ್ತಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಖುಷಿಗೆ. ಹೆಂಡತಿ ಮೆಚ್ಚಿದ್ಲು ಅಂತ ಖುಷಿ, ಈ ವಯಸ್ಸಲ್ಲಿ! ಆಮೇಲೆ ಮೇಲೆ ಹೋದೆ. ಬಾಗಿಲ ಹತ್ರ ಬೆಂಚಿನ ಮೇಲೆ ಕೂತಿದ್ಲು, ಗೋಡೆಗೆ ಒರಗಿ. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ಲು. ಇನ್ನೊಂದು ಕಾಲಲ್ಲೇ ಇತ್ತು. ನಾನು ಕಾಫಿ ಇಡ್ಲಾ ಅಂತ ಕೇಳಿದೆ. ಎರಡು ಸಲ ಕೇಳಿದೆ.

ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಮನೆ ತುಂಬ ಜನ ಬರೋರಿದ್ರು. ಹಾಟ್‌ಡಿಶ್ ಅಡುಗೆ ಪಾತ್ರೆ ಹಿಡ್ಕೊಂಡು, ತಲೆ ವಾಲಿಸ್ಕೊಂಡು. ಅವರು ಬರೋಕ್ ಮುಂಚೆ ನಾನು ಕೆರೆಗೆ ಇಳಿದೆ. ದೋಣಿ ಬಿಚ್ಚಿದೆ. ಯಾಕೆ ಅಂತ ಗೊತ್ತಿಲ್ಲ. ದಿನಾ ಹೋಗ್ತಿದ್ವಿ, ಅದಕ್ಕೇ ಇರ್ಬೇಕು. ಒಬ್ಬನೇ ಹೋದೆ. ಕಟ್ಟೆ ದಾಟೋ ಹೊತ್ತಿಗೇ ಮೂತಿ ಎದ್ದಿತು. ಮೋಟರು ಬೇರೆ ಥರ ಕೂಗ್ತು. ಅದು ಹಾಡಲ್ಲ. ಹಿಂದಿನ ಸಂಜೆ ತಾನೆ ಹಾಡ್ತಾ ಇದೆ ಅಂದಿದ್ಲು... ನಂಗೆ ಕೇಳೋಕಾಗಲಿಲ್ಲ. ಆಫ್ ಮಾಡ್ದೆ. ತಳ್ಳುಗೋಲು ಹಾಕ್ಕೊಂಡು ವಾಪಸ್ ಬಂದೆ.

ಗ್ಯಾರೇಜಿಗೆ ಹೋದೆ. ಉಪ್ಪಿನ ಮೂಟೆ ಅಲ್ಲೇ ಬಿದ್ದಿದ್ದವು. ನೆಲಮಾಳಿಗೆಗೆ ಇಳಿಸು, ಇಳಿಸು ಅಂತ ಅವಳು ಹೇಳಿ ಹೇಳಿ ಸಾಕಾಗಿದ್ಲು. ಎತ್ತಿದೆ. ಒಂದೊಂದೇ ಹೊತ್ತೆ, ಇಳಿಜಾರಲ್ಲಿ, ಹುಲ್ಲು ಇನ್ನೂ ಒದ್ದೆ ಇತ್ತು. ಎಡಗಡೆ ಸೀಟ್ ಮೇಲೆ ಒಂದರ ಮೇಲೊಂದು ಇಟ್ಟೆ. ಜಾರದಿರ್ಲಿ ಅಂತ ಜಾಕೆಟ್ ಹಾಕಿದೆ. ಬಕಲ್ ಹಾಕಿದೆ. ಅವಳ ಮಗ್ ಮೇಜಿನ ಮೇಲೇ ಇತ್ತು, ಸಂಜೆ ಮರೆತು ಬಿಟ್ಟು ಹೋಗಿದ್ಲು. ಫ್ಲಾಸ್ಕಿಂದ ಅಂಚಿನವರೆಗೂ ತುಂಬಿಸಿದೆ. ಹಿಂದೆ ಬಂದು ಕೂತೆ. ಪೂರ್ತಿ ತಿರುವಿದೆ.

ಆಚೆ ದಡ ಮುಟ್ಟೋವರೆಗೂ ಕಾಫಿ ಒಂದು ಚೂರೂ ಅಲುಗಲಿಲ್ಲ.